ದೊಡ್ಡ ಎಮ್ಯುಲೇಟರ್ ಕೋಡನ್ನು ಬೇರೆ ಬೇರೆ ರೆಪೊಗಳಾಗಿ ಒಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ಯಂತ್ರದ ಹಾರ್ಡ್‌ವೇರನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಎಮ್ಯುಲೇಟರ್ ಪ್ರಾಜೆಕ್ಟುಗಳು ಬೆಳೆಯುವ ರೀತಿಯೇ ಹಾಗೆ. ಯಾರೋ ಒಂದು ಪ್ರೊಸೆಸರ್ ಬರೆಯುತ್ತಾರೆ. ಇನ್ನೊಂದು ಯಂತ್ರಕ್ಕೂ ಅದೇ ಪ್ರೊಸೆಸರ್ ಬೇಕಾಗುತ್ತದೆ, ಜೊತೆಗೆ ಒಂದು ಸೌಂಡ್ ಚಿಪ್. ಮತ್ತೊಬ್ಬರು ಬಂದು ಡಿಬಗರ್ ಸೇರಿಸುತ್ತಾರೆ. ಆರ್ಕೇಡ್ ಆಟದ ಯಂತ್ರಗಳ ಎಮ್ಯುಲೇಟರ್ ಮೇಮ್‌ನ ಮೊದಲ ಆವೃತ್ತಿ ಬಂದದ್ದು 1997ರಲ್ಲಿ, ಇಡೀ ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ಬಂದದ್ದು 2003ರಲ್ಲಿ. ಇವತ್ತು ಮೇಮ್ ಒಳಗೆ ಇಣುಕಿದರೆ ಕೋರ್, ಚಿಪ್‌ಗಳು, ಯಂತ್ರಗಳ ಡ್ರೈವರ್‌ಗಳು, ಆಪರೇಟಿಂಗ್ ಸಿಸ್ಟಂ ಜೊತೆ ವ್ಯವಹರಿಸುವ ಪದರ, ಹೊರಗಿನಿಂದ ತಂದ ಲೈಬ್ರರಿಗಳು, ಸಾಫ್ಟ್‌ವೇರ್ ಪಟ್ಟಿಗಳ ಎಕ್ಸ್‌ಎಂಎಲ್ ಫೈಲುಗಳು ಎಲ್ಲ ಒಂದೇ ರೆಪೊದಲ್ಲಿವೆ (ರೆಪೊ ಅಂದರೆ ಕೋಡನ್ನು ಅದರ ಬದಲಾವಣೆಗಳ ಇತಿಹಾಸದ ಸಮೇತ ಇಡುವ ಜಾಗ). ಇಷ್ಟು ದೊಡ್ಡದಾದ ಮೇಲೆ "ಇದನ್ನು ಒಡೆದುಬಿಡೋಣ" ಅನ್ನುವ ಮಾತು ಬಂದೇ ಬರುತ್ತದೆ.

ಒಡೆಯಬಹುದು. ಆದರೆ ರೆಪೊ ಒಡೆಯುವುದು ಈ ಕೆಲಸದ ಕೊನೆಯ ಭಾಗ. ಒಂದೇ ರೆಪೊದ ಒಳಗೆ ತುಂಡುಗಳ ನಡುವಿನ ಗಡಿ ಗಟ್ಟಿಯಾದ ಮೇಲೆ ಗಿಟ್ (ರೆಪೊ ನಿರ್ವಹಿಸುವ ಉಪಕರಣ) ಕೆಲಸ ಹೆಚ್ಚೆಂದರೆ ಒಂದು ವಾರಾಂತ್ಯದ್ದು. ಗಡಿ ಗಟ್ಟಿಯಾಗದೆ ಗಿಟ್ ಓಡಿಸಿದರೆ ಒಂದು ಗೋಜಲು ಎರಡು ಗೋಜಲಾಗುತ್ತದೆ, ಅಷ್ಟೇ. ಅದಕ್ಕೇ ಈ ಬರಹದ ಹೆಚ್ಚಿನ ಪಾಲು ಗಿಟ್‌ಗಿಂತ ಮುಂಚಿನ ಕೆಲಸಕ್ಕೆ ಹೋಗಿದೆ. ಕಮಾಂಡು, ಆಪ್ಷನ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್ ಅಕ್ಷರ ಬಳಸಿ.

ಹೆಜ್ಜೆ 1: ನಿಜಕ್ಕೂ ಒಡೆಯಬೇಕಾ?

"ಕ್ಲೋನ್ ಮಾಡೋಕೆ ತುಂಬಾ ಹೊತ್ತು ಹಿಡಿಯುತ್ತೆ" ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಕಾರಣ. ಇದಕ್ಕೆ ಒಡೆಯುವುದು ಮದ್ದಲ್ಲ. ಗಿಟ್ ಕ್ಲೋನ್‌ಗೆ "--ಫಿಲ್ಟರ್=ಬ್ಲಾಬ್:ನನ್" ಕೊಟ್ಟರೆ ಹಳೆಯ ಫೈಲುಗಳ ಒಳಗಿರುವುದು ಆಗಲೇ ಇಳಿಯುವುದಿಲ್ಲ, ಬೇಕಾದಾಗ ಮಾತ್ರ ಬರುತ್ತದೆ. ಒಂದೆರಡು ಡೈರೆಕ್ಟರಿ ಮಾತ್ರ ಸಾಕು ಅನ್ನುವವರಿಗೆ ಸ್ಪಾರ್ಸ್-ಚೆಕ್‌ಔಟ್ ಇದೆ. 2020ರ ಗಿಟ್ 2.25ರಿಂದ ಅದು ಪ್ರತ್ಯೇಕ ಕಮಾಂಡ್ ಆಗಿಯೇ ಬರುತ್ತಿದೆ. ಬಿಲ್ಡ್ ನಿಧಾನ ಅನ್ನುವುದಕ್ಕೂ ಇದೇ ಉತ್ತರ: ಸಿಸಿಕ್ಯಾಶ್ (ಮೊದಲೇ ಕಂಪೈಲ್ ಆದದ್ದನ್ನು ಮತ್ತೆ ಬಳಸುವ ಉಪಕರಣ) ಹಾಕಿ, ಬೇಕಾದ ಭಾಗವನ್ನಷ್ಟೇ ಕಟ್ಟುವ ಸೌಕರ್ಯ ಮಾಡಿ. ಮೇಮ್‌ನಲ್ಲಿ "ಸೋರ್ಸಸ್" ಅನ್ನುವ ಬಿಲ್ಡ್ ಆಯ್ಕೆಗೆ ಒಂದು ಡ್ರೈವರ್ ಫೈಲಿನ ಹೆಸರು ಕೊಟ್ಟರೆ ಅದಕ್ಕೆ ಬೇಕಾದ ಚಿಪ್‌ಗಳನ್ನಷ್ಟೇ ಸೇರಿಸಿ ಪುಟ್ಟ ಎಮ್ಯುಲೇಟರ್ ಸಿದ್ಧವಾಗುತ್ತದೆ. ಅದಕ್ಕೆ ರೆಪೊ ಒಡೆಯಬೇಕಾಗಿಲ್ಲ.

ಒಡೆಯಲು ನಿಜವಾದ ಕಾರಣ ಅಂದರೆ ನನ್ನ ಮಟ್ಟಿಗೆ ಒಂದೇ: ಆ ತುಂಡನ್ನು ಹೊರಗಿನವರು ಯಾರೋ ಈಗಾಗಲೇ ಬಳಸುತ್ತಿರಬೇಕು, ಅಥವಾ ಬಳಸಲು ಕಾದಿರಬೇಕು. ಕ್ಯೂಎಮು ಒಳಗಿದ್ದ ಸ್ಲರ್ಪ್ ನೆಟ್‌ವರ್ಕ್ ಕೋಡನ್ನೇ ನೋಡಿ. ರೂಟ್ ಅನುಮತಿ ಇಲ್ಲದೆ ಕಂಟೇನರ್‌ಗೆ ನೆಟ್‌ವರ್ಕ್ ಕೊಡುವ ಸ್ಲರ್ಪ್4ನೆಟ್‌ಎನ್‌ಎಸ್‌ಗೂ ಅದೇ ಕೋಡ್ ಬೇಕಿತ್ತು. ಅದು ಲಿಬ್‌ಸ್ಲರ್ಪ್ ಆಗಿ ಬೇರೆ ಮನೆ ಮಾಡಿತು. 2022ರ ಡಿಸೆಂಬರಿನಲ್ಲಿ ಬಂದ ಕ್ಯೂಎಮು 7.2ರಲ್ಲಿ ಜೊತೆಗಿಟ್ಟುಕೊಂಡಿದ್ದ ಪ್ರತಿಯನ್ನೂ ತೆಗೆದರು. ಯಮಾಹಾ ಎಫ್‌ಎಂ ಚಿಪ್‌ಗಳ ವೈಎಂಎಫ್‌ಎಂ ಲೈಬ್ರರಿಯೂ ಅಂಥದ್ದೇ. ಮೇಮ್ ಅದನ್ನು ಥರ್ಡ್-ಪಾರ್ಟಿ ಡೈರೆಕ್ಟರಿಯಲ್ಲಿಟ್ಟುಕೊಂಡು ಬಳಸುತ್ತದೆ, ಬೇರೆಯವರೂ ಸುಮ್ನೆ ಎತ್ತಿಕೊಂಡು ಬಳಸಬಹುದು. ಬೇರೆ ಲೈಸೆನ್ಸ್, ಬೇರೆ ಬಿಡುಗಡೆ ವೇಳಾಪಟ್ಟಿ, ಬೇರೆ ನಿರ್ವಾಹಕರು ಇವೂ ಕಾರಣಗಳೇ. ಆದರೆ ಹೊರಗೆ ಗಿರಾಕಿಯೇ ಇಲ್ಲದಿದ್ದರೆ ಇವಕ್ಕಾಗಿ ಪಡುವ ಪಾಡು ಲಾಭಕ್ಕಿಂತ ದೊಡ್ಡದು.

ಉಲ್ಟಾ ಉದಾಹರಣೆಯೂ ಇದೆ. ಹಳೆಯ ಕಂಪ್ಯೂಟರ್, ಕನ್ಸೋಲ್‌ಗಳ ಮೆಸ್, ಆರ್ಕೇಡ್ ಯಂತ್ರಗಳ ಮೇಮ್ ಎರಡೂ ಒಂದೇ ಕೋರನ್ನು ಹಂಚಿಕೊಂಡು ವರ್ಷಗಟ್ಟಲೆ ಬೇರೆ ಬೇರೆಯಾಗಿ ಬಂದವು. ಕೊನೆಗೆ 2015ರಲ್ಲಿ, 0.162ನೇ ಆವೃತ್ತಿಯಿಂದ, ಎರಡೂ ಒಂದಾದವು. ಅದೇ ಚಿಪ್, ಅದೇ ಕೋರ್, ಎರಡು ಹೆಸರು ಯಾಕೆ ಅಲ್ವಾ?

ಹೆಜ್ಜೆ 2: ಎಲ್ಲಿ ಕೊಯ್ಯಬೇಕು ಅಂತ ಇತಿಹಾಸವನ್ನು ಕೇಳಿ

ಡೈರೆಕ್ಟರಿ ಹೆಸರು ನೋಡಿ ಕೊಯ್ಯಬೇಡಿ. "ಸಿಪಿಯು", "ಸೌಂಡ್", "ವಿಡಿಯೊ" ಅಂತ ಡೈರೆಕ್ಟರಿ ಇದ್ದ ಮಾತ್ರಕ್ಕೆ ಅವು ಬೇರೆ ಬೇರೆ ಆಗಿಲ್ಲ. ಯಾವುದು ಯಾವುದರ ಜೊತೆ ಬದಲಾಗುತ್ತದೆ ಅನ್ನುವುದು ಕಮಿಟ್ (ಒಂದು ಸಲಕ್ಕೆ ದಾಖಲಾದ ಬದಲಾವಣೆ) ಇತಿಹಾಸದಲ್ಲಿದೆ. ಗಿಟ್ ಲಾಗ್‌ಗೆ "--ನೋ-ಮರ್ಜಸ್" ಮತ್ತು "--ನೇಮ್-ಓನ್ಲಿ" ಕೊಟ್ಟು ಕಳೆದ ಮೂರ್ನಾಲ್ಕು ವರ್ಷದ ಕಮಿಟ್‌ಗಳನ್ನು ಒಂದು ಫೈಲಿಗೆ ಬರೆಸಿ. ಪ್ರತಿ ಕಮಿಟ್ ಯಾವ ಯಾವ ಡೈರೆಕ್ಟರಿಗಳನ್ನು ಮುಟ್ಟಿದೆ ಅಂತ ಪುಟ್ಟ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಜೋಡಿ ಜೋಡಿಯಾಗಿ ಎಣಿಸಿ.

ಎಣಿಸುವ ಮೊದಲು ಕಸ ಸೋಸಬೇಕು. ಎಲ್ಲ ಫೈಲಿನಲ್ಲೂ ಲೈಸೆನ್ಸ್ ತಲೆಬರಹ ಬದಲಿಸಿದ ಕಮಿಟ್, ಟ್ಯಾಬನ್ನು ಸ್ಪೇಸ್ ಮಾಡಿದ ಕಮಿಟ್, ಒಂದು ಫಂಕ್ಷನ್ ಹೆಸರನ್ನು ಇಡೀ ಮರದಲ್ಲಿ ಬದಲಿಸಿದ ಕಮಿಟ್ ಇವೆಲ್ಲ ಎಲ್ಲವನ್ನೂ ಎಲ್ಲದಕ್ಕೂ ಅಂಟಿಸಿ ತೋರಿಸುತ್ತವೆ. ಐವತ್ತಕ್ಕಿಂತ ಜಾಸ್ತಿ ಫೈಲು ಮುಟ್ಟಿದ ಕಮಿಟ್‌ಗಳನ್ನು ಮೊದಲು ಬಿಟ್ಟುಬಿಡಿ. ಆಮೇಲೆ ಅವನ್ನೇ ಬೇರೆಯಾಗಿ ಓದಿ. ಫಂಕ್ಷನ್ ಹೆಸರು ಬದಲಿಸುವಂಥ ಕಮಿಟ್‌ಗಳು ಪದೇ ಪದೇ ಬರುತ್ತಿದ್ದರೆ ನಿಮ್ಮ ಕೋರ್ ಇಂಟರ್‌ಫೇಸ್ ಇನ್ನೂ ಕುದಿಯುತ್ತಿದೆ ಅಂತ ಅರ್ಥ. ಅದು ಆರುವ ತನಕ ಒಡೆಯುವ ಮಾತು ಬೇಡ.

ಒಂದು ಚಿಪ್ ಮುಟ್ಟಿದ ಕಮಿಟ್‌ಗಳಲ್ಲಿ ಹತ್ತಕ್ಕೆ ಒಂದು ಮಾತ್ರ ಕೋರನ್ನೂ ಮುಟ್ಟಿದ್ದರೆ ಅದು ಒಳ್ಳೆಯ ಅಭ್ಯರ್ಥಿ. ಹತ್ತಕ್ಕೆ ನಾಲ್ಕೈದು ಹಾಗಿದ್ದರೆ ಬೇಡವೇ ಬೇಡ. ಒಡೆದ ಮೇಲೆ ಅಂಥ ಪ್ರತಿ ಕಮಿಟ್ ಎರಡು ರೆಪೊದಲ್ಲಿ ಎರಡು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಆಗುತ್ತದೆ, ಎರಡು ರಿವ್ಯೂ, ಯಾವುದು ಮೊದಲು ಸೇರಬೇಕು ಅನ್ನುವ ಜಗ್ಗಾಟ ಬೇರೆ.

ಹೆಜ್ಜೆ 3: ಅವಲಂಬನೆ ಹುಡುಕಿ, ಸುತ್ತು ಬಿಡಿಸಿ

ಇನ್‌ಕ್ಲೂಡ್ ನಕ್ಷೆ ತೆಗೆಯುವುದು ಸುಲಭ. ಕಂಪೈಲರ್‌ಗೆ "-ಎಂಎಂಡಿ" ಕೊಟ್ಟರೆ ಪ್ರತಿ ಫೈಲಿನ ಪಕ್ಕದಲ್ಲಿ ಅದು ಯಾವ ಹೆಡರ್ ಓದಿತು ಅನ್ನುವ ಪಟ್ಟಿ ಬರುತ್ತದೆ. ಆಬ್ಜೆಕ್ಟ್ ಫೈಲುಗಳ ಮೇಲೆ ಎನ್‌ಎಂ ಓಡಿಸಿದರೆ ಯಾವ ಸಿಂಬಲ್ ಹೊರಗಿನಿಂದ ಬೇಕು ಅಂತ ಗೊತ್ತಾಗುತ್ತದೆ. ಎರಡನ್ನೂ ನೋಡಿ. ಹೆಡರ್ ಇನ್‌ಕ್ಲೂಡ್ ಆಗಿದ್ದರೂ ಅದರಿಂದ ಏನೂ ಬಳಸದೆ ಇರುವುದು ಹಳೆಯ ಕೋಡಿನಲ್ಲಿ ಮಾಮೂಲು.

ಮೇಮ್‌ನಲ್ಲಿ ಡ್ರೈವರ್, ಚಿಪ್ ಫೈಲುಗಳ ಮೊದಲ ಇನ್‌ಕ್ಲೂಡ್ "ಎಮು.ಎಚ್". ಅದೊಂದೇ ಹೆಡರ್ ಕೋರ್‌ನ ಹೆಚ್ಚುಕಮ್ಮಿ ಎಲ್ಲವನ್ನೂ ಎಳೆದು ತರುತ್ತದೆ. ದಿನದ ಕೆಲಸಕ್ಕೆ ಅನುಕೂಲವೇ. ಆದರೆ ಆ ಸಾಲು ಇರುವ ತನಕ ಆ ಚಿಪ್ ಎಲ್ಲೂ ಹೋಗಲಾರದು. ನಿಮ್ಮ ಪ್ರಾಜೆಕ್ಟಿನಲ್ಲೂ ಇಂಥದ್ದೊಂದು ದೊಡ್ಡಪ್ಪನಂಥ ಹೆಡರ್ ಇದ್ದೇ ಇರುತ್ತದೆ. ಮೊದಲ ಕೆಲಸ, ನೀವು ಹೊರಕಳಿಸಬೇಕಾದ ಚಿಪ್‌ನಿಂದ ಆ ಸಾಲನ್ನು ಅಳಿಸಿ ಕಂಪೈಲ್ ಮಾಡುವುದು. ಬರುವ ಎರರ್‌ಗಳೇ ನಿಮ್ಮ ಕೆಲಸದ ಪಟ್ಟಿ.

ಕಣ್ಣಿಗೆ ಬೀಳದ ಸುತ್ತುಗಳು (ಎರಡು ತುಂಡುಗಳಿಗೂ ಒಂದಕ್ಕೊಂದು ಬೇಕಾಗುವುದು) ಹಾರ್ಡ್‌ವೇರ್‌ನಿಂದಲೇ ಬರುತ್ತವೆ. ಝಡ್80 ಪ್ರೊಸೆಸರ್ ತಗೊಳ್ಳಿ. ಹೊರಕಳಿಸಲು ಇದಕ್ಕಿಂತ ಸುಲಭದ ಚಿಪ್ ಇಲ್ಲ ಅನ್ನಿಸುತ್ತದೆ. ಆದರೆ ಅದರ ಬಳಗದ ಸಿಟಿಸಿ (ಟೈಮರ್), ಪಿಐಒ (ಪ್ಯಾರಲಲ್ ಪೋರ್ಟ್), ಎಸ್‌ಐಒ (ಸೀರಿಯಲ್ ಪೋರ್ಟ್) ಚಿಪ್‌ಗಳು ಇಂಟರಪ್ಟ್‌ಗಾಗಿ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಡೈಸಿ ಚೈನ್‌ನಲ್ಲಿ ಸಾಲಾಗಿ ನಿಂತಿರುತ್ತವೆ. ಇಂಟರಪ್ಟ್ ಕೆಲಸ ಮುಗಿದಾಗ ಪ್ರೊಸೆಸರ್ "ರೆಟಿ" ಸೂಚನೆ ಓಡಿಸುತ್ತದೆ, ಬೈಟ್‌ಗಳಲ್ಲಿ ಹೇಳುವುದಾದರೆ ಇಡಿ, 4ಡಿ. ನಿಜವಾದ ಬೋರ್ಡಿನಲ್ಲಿ ಆ ಚಿಪ್‌ಗಳು ಬಸ್ ಮೇಲೆ ಸದಾ ಕಣ್ಣಿಟ್ಟಿರುತ್ತವೆ. ಈ ಎರಡು ಬೈಟ್ ಹಾದುಹೋದದ್ದನ್ನು ತಾವೇ ಗುರುತಿಸಿ "ಸರಿ, ನನ್ನ ಸರದಿ ಮುಗಿಯಿತು" ಅಂದುಕೊಳ್ಳುತ್ತವೆ. ಎಮ್ಯುಲೇಟರ್‌ನಲ್ಲಿ ಪ್ರತಿ ಬೈಟನ್ನೂ ಎಲ್ಲ ಚಿಪ್‌ಗೂ ತೋರಿಸುತ್ತಾ ಕೂತರೆ ವೇಗ ಹೋಗುತ್ತದೆ. ಅದಕ್ಕೆ ಪ್ರೊಸೆಸರ್ ಕೋಡೇ ರೆಟಿ ಓಡಿಸುವಾಗ ಚೈನ್ ಹುಡುಕಿ ವಿಷಯ ತಿಳಿಸುತ್ತದೆ. ಅಂದರೆ ಪ್ರೊಸೆಸರ್‌ಗೆ ಪಕ್ಕದ ಚಿಪ್‌ಗಳ ಪರಿಚಯ ಬೇಕಾಯಿತು, ಚಿಪ್‌ಗಳಿಗೆ ಪ್ರೊಸೆಸರ್‌ನದ್ದು. ಸುತ್ತು ಪೂರ್ತಿಯಾಯಿತು.

ಬಿಡಿಸುವುದು ಹೇಗೆ? ಪ್ರೊಸೆಸರ್ ಎರಡೇ ಕಾಲ್‌ಬ್ಯಾಕ್ ಕೇಳಲಿ. ಒಂದು, "ಇಂಟರಪ್ಟ್ ಒಪ್ಪಿಕೊಂಡೆ, ವೆಕ್ಟರ್ ಕೊಡು". ಇನ್ನೊಂದು, "ರೆಟಿ ಆಯಿತು". ಚೈನ್‌ನಲ್ಲಿ ಯಾರು ಮೊದಲು, ಯಾರು ಆಮೇಲೆ ಅನ್ನುವ ಕೋಡೆಲ್ಲ ಪೆರಿಫೆರಲ್‌ಗಳ ಕಡೆ ಹೋಗಲಿ. ಆಗ ಪ್ರೊಸೆಸರ್‌ಗೆ ಯಾರ ಪರಿಚಯವೂ ಬೇಡ. ಪ್ರತಿ ಸುತ್ತಿಗೂ ಇಂಥದ್ದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಜವಾದ ಬೋರ್ಡಿನಲ್ಲಿ ಈ ಎರಡು ಚಿಪ್‌ಗಳ ನಡುವೆ ಇರುವ ತಂತಿ ಯಾವುದು? ಗಡಿ ಆ ತಂತಿಯ ಮೇಲೇ ಬೀಳಬೇಕು.

ಹೆಜ್ಜೆ 4: ರೆಪೊ ಒಡೆಯದೆ ಗಡಿ ಹಾಕಿ

ಈಗ ಮುಖ್ಯ ಕೆಲಸ. ಹೊರಕಳಿಸುವ ತುಂಡನ್ನು ಅದೇ ರೆಪೊದೊಳಗೆ ಒಂದು ಡೈರೆಕ್ಟರಿಗೆ ತನ್ನಿ. ಅದಕ್ಕೆ ತನ್ನದೇ ಬಿಲ್ಡ್ ಫೈಲ್, ತನ್ನದೇ ಸ್ಟ್ಯಾಟಿಕ್ ಲೈಬ್ರರಿ ಇರಲಿ. ಇನ್‌ಕ್ಲೂಡ್ ಪಾತ್‌ನಲ್ಲಿ ಕೋರ್ ಡೈರೆಕ್ಟರಿ ಇರಲೇಬಾರದು. ಸಿಐನಲ್ಲಿ (ಪ್ರತಿ ಬದಲಾವಣೆಯನ್ನೂ ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ) ಒಂದು ಹೊಸ ಜಾಬ್ ಹಾಕಿ: ಈ ಡೈರೆಕ್ಟರಿಯೊಂದನ್ನೇ ಖಾಲಿ ಜಾಗಕ್ಕೆ ಕಾಪಿ ಮಾಡಿ ಅಲ್ಲಿ ಕಟ್ಟಬೇಕು. ಯಾರಾದರೂ ಅಭ್ಯಾಸಬಲದಿಂದ ಕೋರ್ ಹೆಡರ್ ಸೇರಿಸಿದರೆ ಅವತ್ತೇ ಕೆಂಪು ಬಣ್ಣ ಬರುತ್ತದೆ. ಕಾವಲಿಗೆ ಇಷ್ಟು ಸಾಕು.

ಇಂಟರ್‌ಫೇಸ್ ವಿಷಯದಲ್ಲಿ ನಾಲ್ಕು ಕಡೆ ಎಡವುತ್ತಾರೆ.

ಮೊದಲನೆಯದು ಸಮಯ. ಲೈಬ್ರರಿ ತನ್ನದೇ ಗಡಿಯಾರ ಇಟ್ಟುಕೊಳ್ಳಬಾರದು. ವೈಎಂಎಫ್‌ಎಂ ಇದನ್ನು ಮಾಡಿರುವ ರೀತಿ ಅಚ್ಚುಕಟ್ಟು. ಅದರಲ್ಲಿ "ವೈಎಂಎಫ್‌ಎಂ_ಇಂಟರ್‌ಫೇಸ್" ಅನ್ನುವ ಒಂದು ಕ್ಲಾಸ್ ಇದೆ. ಟೈಮರ್ ಇಡು, ಚಿಪ್ ಇಷ್ಟು ಕ್ಲಾಕ್ ತನಕ ಬಿಜಿ ಅಂತ ಗುರುತು ಹಾಕು, ಐಆರ್‌ಕ್ಯೂ (ಇಂಟರಪ್ಟ್) ಸಾಲು ಬದಲಾಯಿತು, ಹೊರಗಿನ ಮೆಮೊರಿಯಿಂದ ಒಂದು ಬೈಟ್ ಓದಿ ಕೊಡು ಎನ್ನುವ ಫಂಕ್ಷನ್‌ಗಳು ಅಲ್ಲಿವೆ. ಬಳಸುವವರು ಅವನ್ನು ತಮ್ಮ ಎಮ್ಯುಲೇಟರ್‌ಗೆ ತಕ್ಕಂತೆ ತುಂಬಿಕೊಳ್ಳುತ್ತಾರೆ. ಲೈಬ್ರರಿಗೆ ಗೊತ್ತಿರುವುದು "ಇಷ್ಟು ಕ್ಲಾಕ್ ಆದ ಮೇಲೆ ನನ್ನನ್ನು ಎಬ್ಬಿಸು" ಅನ್ನುವುದಷ್ಟೇ. ಎಬ್ಬಿಸುವ ಕೆಲಸ ಎಮ್ಯುಲೇಟರ್‌ನ ಶೆಡ್ಯೂಲರ್‌ದು. ಇದು ಸಣ್ಣ ವಿಷಯ ಅಲ್ಲ. ಆರ್ಕೇಡ್ ಬೋರ್ಡುಗಳಲ್ಲಿ ವೈಎಂ2151ರ ಟೈಮರ್ ಇಂಟರಪ್ಟ್ ನೋಡಿಕೊಂಡೇ ಸೌಂಡ್ ಪ್ರೊಸೆಸರ್ ಹಾಡಿನ ಗತಿ ಇಟ್ಟುಕೊಳ್ಳುವುದುಂಟು. ಟೈಮರ್ ಜಾರಿದರೆ ಹಾಡೇ ಜಾರುತ್ತದೆ. ಆ ಹೆಡರ್ ಫೈಲನ್ನು ಒಂದು ಸಲ ಕೂತು ಓದಿ, ಇಂಟರ್‌ಫೇಸ್ ಎಷ್ಟು ಚಿಕ್ಕದಿರಬಹುದು ಅನ್ನುವ ಅಂದಾಜು ಸಿಗುತ್ತದೆ.

ಎರಡನೆಯದು ವೇಗ. 4 ಮೆಗಾಹರ್ಟ್ಸ್ ಝಡ್80 ಒಂದು ಸಲ ಮೆಮೊರಿ ಮುಟ್ಟಲು ಮೂರ್ನಾಲ್ಕು ಕ್ಲಾಕ್ ತಗೊಳ್ಳುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಓದು-ಬರಹ. ಪ್ರತಿ ಸಲ ಒಂದು ಫಂಕ್ಷನ್ ಪಾಯಿಂಟರ್ ಮೂಲಕ ಹೋದರೂ ಇವತ್ತಿನ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಅದೇ ನೂರಾರು ಮೆಗಾಹರ್ಟ್ಸ್‌ನ 32-ಬಿಟ್ ಪ್ರೊಸೆಸರ್ ಆದರೆ ನೇರವಾಗಿ ಏಟು ಬೀಳುತ್ತದೆ. ಶೇರ್ಡ್ ಲೈಬ್ರರಿ ಮಾಡಿದರೆ ಕಂಪೈಲರ್ ಆ ಗಡಿ ದಾಟಿ ಇನ್‌ಲೈನ್ ಮಾಡುವಂತೆಯೇ ಇಲ್ಲ. ಪ್ರೊಸೆಸರ್ ಕೋರ್‌ಗಳನ್ನು ಸ್ಟ್ಯಾಟಿಕ್ ಆಗಿಯೇ ಇಡಿ, ಎಲ್‌ಟಿಒ (ಲಿಂಕ್ ಮಾಡುವಾಗ ಫೈಲುಗಳ ಗಡಿ ದಾಟಿ ಕೋಡನ್ನು ವೇಗಗೊಳಿಸುವ ಆಯ್ಕೆ) ಆನ್ ಮಾಡಿ. ಬಸ್ಸನ್ನು ಟೆಂಪ್ಲೇಟ್ ಪ್ಯಾರಾಮೀಟರ್ ಮಾಡುವುದು ಇನ್ನೊಂದು ದಾರಿ. ರ‍್ಯಾಮ್ ಮತ್ತು ರಾಮ್ (ಓದಲು ಮಾತ್ರ ಬರುವ ಮೆಮೊರಿ) ಇರುವ ಪುಟಗಳಿಗೆ ನೇರ ಪಾಯಿಂಟರ್ ಕೊಟ್ಟು, ರಿಜಿಸ್ಟರ್ ಇರುವ ಪುಟಗಳಿಗೆ ಮಾತ್ರ ಕಾಲ್‌ಬ್ಯಾಕ್ ಇಡುವುದು ಮೂರನೆಯದು. ಯಾವುದಾದರೂ ಸರಿ, ಗಡಿ ಹಾಕುವ ಮುಂಚೆ ಮತ್ತು ಆಮೇಲೆ ಒಂದೇ ಆಟವನ್ನು ವೇಗಮಿತಿ ತೆಗೆದು ಓಡಿಸಿ ಅಳೆಯಿರಿ.

ಮೂರನೆಯದು ಸೇವ್ ಸ್ಟೇಟ್, ಅಂದರೆ ಓಡುತ್ತಿರುವ ಯಂತ್ರದ ಸ್ಥಿತಿಯನ್ನು ಫೈಲಿಗೆ ಉಳಿಸುವುದು. ತುಂಬಾ ಎಮ್ಯುಲೇಟರ್‌ಗಳಲ್ಲಿ ವೇರಿಯಬಲ್ ಹೆಸರೇ ಸೇವ್ ಫೈಲಿನ ಕೀ. ಲೈಬ್ರರಿ ಮಾಡುವ ಹುಮ್ಮಸ್ಸಿನಲ್ಲಿ "ಎಂ_ಪಿಸಿ" ಇದ್ದದ್ದನ್ನು ಚೆಂದ ಮಾಡಿ "ಪ್ರೋಗ್ರಾಂ_ಕೌಂಟರ್" ಅಂತ ಬರೆದರೆ ಬಳಕೆದಾರರ ಹಳೆಯ ಸೇವ್‌ಗಳೆಲ್ಲ ಸತ್ತಂತೆ. ಲೈಬ್ರರಿ ತನ್ನ ಸ್ಥಿತಿಯನ್ನು ಒಂದು ಆವೃತ್ತಿ ಸಂಖ್ಯೆಯ ಜೊತೆ ಬೈಟ್‌ಗಳಾಗಿ ಕೊಡಲಿ, ಅದನ್ನು ಹಳೆಯ ಕೀಗಳಿಗೆ ಹೊಂದಿಸುವ ಕೆಲಸ ಮುಖ್ಯ ಪ್ರಾಜೆಕ್ಟಿನ ಅಡಾಪ್ಟರ್ ಮಾಡಲಿ.

ನಾಲ್ಕನೆಯದು ಗ್ಲೋಬಲ್‌ಗಳು. ಲಾಗ್ ಬರೆಯುವ ಫಂಕ್ಷನ್, "ಈಗ ಓಡುತ್ತಿರುವ ಯಂತ್ರ" ಅನ್ನುವ ಪಾಯಿಂಟರ್, ಒಂದು ಸಲ ತುಂಬಿಸಿಟ್ಟ ಟೇಬಲ್‌ಗಳು. ಒಂದೇ ಪ್ರೋಗ್ರಾಮಿನಲ್ಲಿ ಎರಡು ಝಡ್80 ಇಟ್ಟು ಓಡಿಸುವ ಟೆಸ್ಟ್ ಬರೆದರೆ ಇವೆಲ್ಲ ತಾವಾಗಿಯೇ ಹೊರಬರುತ್ತವೆ.

ಹೀಗೆ ಗಡಿ ಹಾಕಿ ಎರಡು ಬಿಡುಗಡೆ ಆಗುವ ತನಕ ಸುಮ್ಮನಿರಿ. ಆ ಅವಧಿಯಲ್ಲಿ ಇಂಟರ್‌ಫೇಸ್ ಹೆಡರ್ ಎಷ್ಟು ಸಲ ಬದಲಾಯಿತು ನೋಡಿ. ಬದಲಾಗುತ್ತಲೇ ಇದ್ದರೆ ಒಂದೇ ರೆಪೊದಲ್ಲಿ ಒಂದೇ ಕಮಿಟ್‌ನಲ್ಲಿ ಸರಿಮಾಡುವ ಸುಖ ಇನ್ನೂ ಕೈಯಲ್ಲಿದೆ.

ಈ ಹಂತ ಹಾರಿದರೆ ಏನಾಗುತ್ತದೆ ಅನ್ನುವುದಕ್ಕೆ ಯೂನಿಕಾರ್ನ್ ಎಂಜಿನ್ ನೆನಪಿಸಿಕೊಳ್ಳಿ. ಕ್ಯೂಎಮುವಿನ ಪ್ರೊಸೆಸರ್ ಭಾಗವನ್ನಷ್ಟೇ ಬಿಡಿಸಿ 2015ರಲ್ಲಿ ಬಂದ ಉಪಯುಕ್ತ ಲೈಬ್ರರಿ ಅದು. ಆದರೆ ಕ್ಯೂಎಮು ಒಳಗೆ ಅಂಥ ಗಡಿ ಇರಲಿಲ್ಲ, ಕೋಡನ್ನು ಅಗೆದು ತೆಗೆಯಬೇಕಾಯಿತು. ಕ್ಯೂಎಮು 2.1.2ರ ಮೇಲೆ ನಿಂತಿದ್ದ ಅದು 5.0.1ಕ್ಕೆ ಬಂದದ್ದು 2022ರ ಯೂನಿಕಾರ್ನ್ 2ರಲ್ಲಿ. ಮಧ್ಯದಲ್ಲಿ ಕ್ಯೂಎಮುವಿನಲ್ಲಿ ಆದ ತಿದ್ದುಪಡಿ ಯಾವುದೂ ತಾನಾಗಿ ಬರುವಂತಿರಲಿಲ್ಲ.

ಹೆಜ್ಜೆ 5: ಮೊದಲಿನಂತೆಯೇ ಓಡುತ್ತಿದೆ ಅಂತ ಗೊತ್ತಾಗುವುದು ಹೇಗೆ

ಒಡೆಯುವ ಮೊದಲು ಒಂದು ಆಧಾರ ಅಳತೆ ಬೇಕು. ಆಯ್ದ ಯಂತ್ರಗಳನ್ನು ಪರದೆ ಇಲ್ಲದೆ ಒಂದಷ್ಟು ಸಾವಿರ ಫ್ರೇಮ್ ಓಡಿಸಿ, ಪ್ರತಿ ಫ್ರೇಮಿನ ಮತ್ತು ಧ್ವನಿಯ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಳ್ಳಿ. ಒಡೆದ ಮೇಲೆ ಮತ್ತೆ ಓಡಿಸಿ. ಒಂದು ಬಿಟ್ ಬದಲಾಗಿದ್ದರೂ ಕಾರಣ ಹುಡುಕಬೇಕು. ಇದು ಕೆಲಸ ಮಾಡಲು ಓಟ ಪ್ರತಿ ಸಲ ಒಂದೇ ರೀತಿ ಇರಬೇಕು. ರಿಯಲ್ ಟೈಮ್ ಕ್ಲಾಕ್ ಚಿಪ್‌ಗೆ ಒಂದು ನಿಗದಿತ ದಿನಾಂಕ ಕೊಡಿ, ರ‍್ಯಾಮನ್ನು ಸೊನ್ನೆಯಿಂದ ತುಂಬಿಸಿ, ಇನ್‌ಪುಟನ್ನು ರೆಕಾರ್ಡ್ ಫೈಲಿನಿಂದ ಕೊಡಿ.

ರಾಮ್ ಫೈಲುಗಳ ಕಾಪಿರೈಟ್ ಮರೆಯಬೇಡಿ. ಆಟಗಳ ರಾಮ್‌ಗಳನ್ನು ಸಾರ್ವಜನಿಕ ಸಿಐಗೆ ಹಾಕುವಂತಿಲ್ಲ. ಪ್ರೊಸೆಸರ್‌ಗಳಿಗೆ ಮುಕ್ತವಾಗಿ ಸಿಗುವ ಪರೀಕ್ಷಾ ಪ್ರೋಗ್ರಾಮ್‌ಗಳಿವೆ. ಝಡ್80ಗೆ ಝೆಕ್ಸಾಲ್, 6502ಗೆ ಫಂಕ್ಷನಲ್ ಟೆಸ್ಟ್. ಇವನ್ನು ಲೈಬ್ರರಿಯ ರೆಪೊದಲ್ಲಿ ಓಡಿಸಿ, ಆಟಗಳ ಹ್ಯಾಶ್ ಪರೀಕ್ಷೆಯನ್ನು ನಿರ್ವಾಹಕರ ಸ್ವಂತ ಯಂತ್ರದಲ್ಲಿ ಓಡಿಸಿ. ಝೆಕ್ಸಾಲ್ ಸೂಚನೆಗಳ ಫಲಿತಾಂಶ ಮತ್ತು ಫ್ಲಾಗ್‌ಗಳನ್ನು ನೋಡುತ್ತದೆ, ಸಮಯವನ್ನಲ್ಲ. ಅದಕ್ಕೇ ಎರಡೂ ಬೇಕು.

ಹೆಜ್ಜೆ 6: ಲೈಸೆನ್ಸ್

ಬೇಗ ಮುಗಿಯುವ ಕೆಲಸ, ಆದರೆ ಬಿಡುವಂತಿಲ್ಲ. ಮೇಮ್ ಇಡಿಯಾಗಿ ಜಿಪಿಎಲ್ 2 ಅಥವಾ ನಂತರದ್ದು (ಬದಲಿಸಿ ಹಂಚಿದರೂ ಅದೇ ಲೈಸೆನ್ಸ್ ಇರಬೇಕು ಅನ್ನುವಂಥದ್ದು). ಒಳಗಿನ ಬಹುಪಾಲು ಫೈಲುಗಳು ಬಿಎಸ್‌ಡಿ 3-ಕ್ಲಾಝ್ (ಷರತ್ತು ಕಡಿಮೆ ಇರುವ ಲೈಸೆನ್ಸ್). ಇಂಥ ಕಡೆ ಒಂದು ಚಿಪ್ ಹೊರಗೆ ಬಂದಾಗ ಅದರ ಲೈಸೆನ್ಸ್ ಏನು ಅನ್ನುವುದು ಫೈಲಿನ ತಲೆಬರಹದಲ್ಲಿರುತ್ತದೆ, ರೆಪೊದ ಬುಡದಲ್ಲಿರುವ ಲೈಸೆನ್ಸ್ ಫೈಲಿನಲ್ಲಲ್ಲ. ಪ್ರತಿ ಫೈಲಿಗೂ ಎಸ್‌ಪಿಡಿಎಕ್ಸ್ (ಲೈಸೆನ್ಸ್ ಹೆಸರಿಸುವ ಪ್ರಮಾಣಿತ ರೀತಿ) ಗುರುತು ಇದೆಯಾ ನೋಡಿ. ಬಿಎಸ್‌ಡಿ ತುಂಡು ಒಂದು ಜಿಪಿಎಲ್ ಸಹಾಯಕ ಹೆಡರನ್ನು ಎಳೆದುಕೊಂಡು ಬಂದರೆ "ಬಿಎಸ್‌ಡಿ ಲೈಬ್ರರಿ" ಅಂತ ಹೇಳಿಕೊಳ್ಳುವಂತಿಲ್ಲ. ಆ ಹೆಡರನ್ನು ಬಿಟ್ಟು ಹೊಸದಾಗಿ ಬರೆಯಿರಿ, ಇಲ್ಲವೇ ಬರೆದವರ ಒಪ್ಪಿಗೆ ಪಡೆಯಿರಿ. ಬರೆದವರ ಹೆಸರುಗಳು ಹೊಸ ರೆಪೊಗೆ ಹೋಗಲೇಬೇಕು.

ಹೆಜ್ಜೆ 7: ಇತಿಹಾಸದ ಸಮೇತ ತುಂಡು ತೆಗೆಯುವುದು

ಉಪಕರಣ ಗಿಟ್ ಫಿಲ್ಟರ್-ರೆಪೊ. ಹಳೆಯ ಫಿಲ್ಟರ್-ಬ್ರಾಂಚ್ ಬೇಡ, ಅದರ ಬದಲು ಇದನ್ನೇ ಬಳಸಿ ಅಂತ ಗಿಟ್‌ನ ದಾಖಲೆಯೇ ಹೇಳುತ್ತದೆ. ಇದು ಹೊಸ ಕ್ಲೋನ್‌ನಲ್ಲಿ ಮಾತ್ರ ಓಡುತ್ತದೆ. ದಿನಾ ಕೆಲಸ ಮಾಡುವ ಡೈರೆಕ್ಟರಿಯಲ್ಲಿ ಓಡಿಸಲು ಹೋದರೆ ಒಪ್ಪುವುದಿಲ್ಲ. "--ಫೋರ್ಸ್" ಹಾಕಿ ಬಾಯಿ ಮುಚ್ಚಿಸಬೇಡಿ. ಡಿಸ್ಕಿನಲ್ಲೇ ಇರುವ ರೆಪೊದಿಂದ ಕ್ಲೋನ್ ಮಾಡುವುದಾದರೆ "--ನೋ-ಲೋಕಲ್" ಕೊಡಿ.

ಮೊದಲು "--ಅನಲೈಜ್" ಓಡಿಸಿ. ಯಾವ ಫೈಲು ಎಷ್ಟು ಜಾಗ ತಿಂದಿದೆ, ಯಾವುದು ಯಾವ ಹೆಸರಿನಿಂದ ಯಾವ ಹೆಸರಿಗೆ ಬದಲಾಯಿತು ಅನ್ನುವ ವರದಿಗಳು ಡಾಟ್-ಗಿಟ್ ಡೈರೆಕ್ಟರಿ ಒಳಗೆ ಬರುತ್ತವೆ. ಹೆಸರು ಬದಲಾವಣೆಯ ವರದಿ ಬಹಳ ಮುಖ್ಯ, ಯಾಕೆಂದರೆ ಫಿಲ್ಟರ್-ರೆಪೊ ತಾನಾಗಿ ಹಳೆಯ ಹೆಸರನ್ನು ಹಿಂಬಾಲಿಸುವುದಿಲ್ಲ. ಇವತ್ತು "ಡಿವೈಸಸ್/ಸಿಪಿಯು/ಝಡ್80" ಒಳಗಿರುವ ಫೈಲು ಹತ್ತು ವರ್ಷದ ಹಿಂದೆ "ಎಮು/ಸಿಪಿಯು/ಝಡ್80" ಒಳಗಿತ್ತು, ಅದಕ್ಕೂ ಮೊದಲು ಇನ್ನೆಲ್ಲೋ ಇತ್ತು ಅಂದುಕೊಳ್ಳಿ. ಇವತ್ತಿನ ದಾರಿ ಮಾತ್ರ ಕೊಟ್ಟರೆ ಇತಿಹಾಸ ಆ ಸ್ಥಳಾಂತರದ ಕಮಿಟ್‌ಗೇ ನಿಂತುಬಿಡುತ್ತದೆ, ಒಬ್ಬರೇ ಇಡೀ ಚಿಪ್ ಬರೆದಂತೆ ಕಾಣುತ್ತದೆ. ಪ್ರತಿ ಫೈಲಿಗೂ ಗಿಟ್ ಲಾಗ್ "--ಫಾಲೋ" ಓಡಿಸಿ ಹಳೆಯ ದಾರಿಗಳನ್ನೆಲ್ಲ ಒಂದು ಪಟ್ಟಿಗೆ ಬರೆದುಕೊಳ್ಳಿ. ಅದನ್ನು "--ಪಾತ್ಸ್-ಫ್ರಂ-ಫೈಲ್" ಮೂಲಕ ಕೊಡಿ. ಲೈಸೆನ್ಸ್ ಫೈಲಿನ ದಾರಿಯನ್ನೂ ಅದರಲ್ಲಿ ಸೇರಿಸಿ. ಹೊಸ ರೆಪೊದಲ್ಲಿ ಡೈರೆಕ್ಟರಿ ಹೇಗಿರಬೇಕೋ ಹಾಗೆ "--ಪಾತ್-ರಿನೇಮ್" ಕೊಡಿ.

ಟ್ಯಾಗುಗಳು ಇನ್ನೊಂದು ತಲೆನೋವು. ಮುಖ್ಯ ಪ್ರಾಜೆಕ್ಟಿನ ಟ್ಯಾಗೆಲ್ಲ ಲೈಬ್ರರಿಗೂ ಬರುತ್ತವೆ. ಇನ್ನೂ ಮೊದಲ ಬಿಡುಗಡೆಯೇ ಆಗದ ಝಡ್80 ಲೈಬ್ರರಿಯಲ್ಲಿ ಇನ್ನೂರೈವತ್ತನೇ ಆವೃತ್ತಿ ಅಂತ ಟ್ಯಾಗ್ ಇದ್ದರೆ ಪ್ಯಾಕೇಜ್ ಮಾಡುವವರ ಆವೃತ್ತಿ-ಪತ್ತೆ ಸ್ಕ್ರಿಪ್ಟ್ ಕೆಟ್ಟುಹೋಗುತ್ತದೆ. "--ಟ್ಯಾಗ್-ರಿನೇಮ್" ಕೊಟ್ಟು ಎಲ್ಲಕ್ಕೂ ಮುಂದೆ ಮುಖ್ಯ ಪ್ರಾಜೆಕ್ಟಿನ ಹೆಸರು ಅಂಟಿಸಿ. ಯಾವ ಬಿಡುಗಡೆಯಲ್ಲಿ ಚಿಪ್ ಹೇಗಿತ್ತು ಅಂತ ನೋಡಲು ಅವು ಮುಂದೆಯೂ ಕೆಲಸಕ್ಕೆ ಬರುತ್ತವೆ.

ಕಮಿಟ್ ಸಂದೇಶಗಳಲ್ಲಿ "#1234 ಸರಿಪಡಿಸಿದೆ" ಅಂತ ಇರುತ್ತದೆ. ಹೊಸ ರೆಪೊದಲ್ಲಿ ಆ ಸಂಖ್ಯೆ ಮುಂದೊಂದು ದಿನ ಬೇರೆ ಯಾವುದೋ ಇಶ್ಯೂಗೆ ಲಿಂಕ್ ಆಗುತ್ತದೆ. "--ರಿಪ್ಲೇಸ್-ಮೆಸೇಜ್" ಬಳಸಿ ಸಂಖ್ಯೆಯ ಮುಂದೆ ಹಳೆಯ ರೆಪೊದ ಪೂರ್ತಿ ಹೆಸರು ಬರುವಂತೆ ಮಾಡಿ. ಒಬ್ಬರೇ ಮೂರು ಈಮೇಲ್‌ನಿಂದ ಕಮಿಟ್ ಮಾಡಿದ್ದರೆ "--ಮೇಲ್‌ಮ್ಯಾಪ್" ಮೂಲಕ ಒಂದು ಮಾಡಲು ಇದೇ ಸಮಯ. ಇದೆಲ್ಲ ಆದ ಮೇಲೆ ಕಮಿಟ್‌ಗಳ ಜಿಪಿಜಿ ಸಹಿಗಳು ಉಳಿಯುವುದಿಲ್ಲ. ಹ್ಯಾಶ್ ಬದಲಾದ ಮೇಲೆ ಉಳಿಯಲು ಸಾಧ್ಯವೂ ಇಲ್ಲ.

ಕೈಯಲ್ಲಿ ಒಂದೊಂದೇ ಕಮಾಂಡ್ ಹೊಡೆಯಬೇಡಿ. ಇಡೀ ಕೆಲಸವನ್ನು ಒಂದು ಸ್ಕ್ರಿಪ್ಟ್ ಮಾಡಿ, ಕ್ಲೋನ್‌ನಿಂದ ಕೊನೆಯ ತನಕ. ಅದರ ಫಲಿತಾಂಶವನ್ನು ಹಳೆಯ ಕೈಗಳಿಗೆ ತೋರಿಸಿ. "ನಾನು ಬರೆದ ಆ ಫೈಲಿನ ಇತಿಹಾಸ ಎಲ್ಲಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಪಟ್ಟಿಗೆ ಒಂದು ದಾರಿ ಸೇರಿಸಿ ಮತ್ತೆ ಓಡಿಸಿ.

ಕೊನೆಗೆ ಉಳಿಯುವ "ಕಮಿಟ್-ಮ್ಯಾಪ್" ಫೈಲನ್ನು ಎಸೆಯಬೇಡಿ. ಹಳೆಯ ಹ್ಯಾಶ್ ಒಂದು ಕಡೆ, ಹೊಸ ಹ್ಯಾಶ್ ಇನ್ನೊಂದು ಕಡೆ. ಬಿಟ್ಟುಹೋದ ಕಮಿಟ್‌ಗೆ ಬರೀ ಸೊನ್ನೆಗಳು. ಹಳೆಯ ಚರ್ಚೆಯೊಂದರಲ್ಲಿ ಹ್ಯಾಶ್ ಕಂಡಾಗ ಅದು ಹೊಸ ರೆಪೊದಲ್ಲಿ ಎಲ್ಲಿದೆ ಅಂತ ಹುಡುಕಲು ಇದೇ ದಾರಿ. ಒತ್ತಿ ಚಿಕ್ಕದು ಮಾಡಿ ಹೊಸ ರೆಪೊದ ಮೊದಲ ಬಿಡುಗಡೆಯ ಜೊತೆ ಇಟ್ಟುಬಿಡಿ.

ಹೆಜ್ಜೆ 8: ಬದಲಾವಣೆಯ ದಿನ

ಆ ಡೈರೆಕ್ಟರಿಗೆ ಹೊಸ ಕಮಿಟ್ ಬೇಡ ಅಂತ ಒಂದು ವಾರ ಮೊದಲೇ ತಿಳಿಸಿ. ಬಿಡುಗಡೆಯಾದ ಮರುದಿನ ಒಳ್ಳೆಯ ಸಮಯ, ಆಗ ಬಾಕಿ ಪುಲ್ ರಿಕ್ವೆಸ್ಟ್ ಕಡಿಮೆ. ಸ್ಕ್ರಿಪ್ಟ್ ಕೊನೆಯ ಸಲ ಓಡಿಸಿ, ಹೊಸ ರೆಪೊಗೆ ಪುಶ್ ಮಾಡಿ. ಮುಖ್ಯ ರೆಪೊದಲ್ಲಿ ಡೈರೆಕ್ಟರಿ ತೆಗೆದು ಹೊಸದನ್ನು ಜೋಡಿಸುವ ಕೆಲಸ ಒಂದೇ ಕಮಿಟ್‌ನಲ್ಲಿ ಆಗಲಿ. ಹೊಸ ರೆಪೊ ಎಲ್ಲಿದೆ, ಯಾವ ಹ್ಯಾಶ್‌ನಿಂದ ಶುರು ಅಂತ ಆ ಸಂದೇಶದಲ್ಲಿರಲಿ.

ಮುಖ್ಯ ರೆಪೊದ ಇತಿಹಾಸಕ್ಕೆ ಮಾತ್ರ ಕೈ ಹಾಕಬೇಡಿ. "ಈಗ ಹೊರಗೆ ಹೋಯಿತಲ್ಲ, ಹಳೆಯದನ್ನೂ ಅಳಿಸಿ ಚಿಕ್ಕದು ಮಾಡೋಣ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಹಾಗೆ ಮಾಡಿದರೆ ಎಲ್ಲ ಫೋರ್ಕ್, ಎಲ್ಲ ಬಾಕಿ ಕೆಲಸ, ಎಲ್ಲ ದಾಖಲೆಗಳಲ್ಲಿನ ಹ್ಯಾಶ್ ಒಂದೇ ಏಟಿಗೆ ಕೆಟ್ಟುಹೋಗುತ್ತವೆ. ಜೊತೆಗೆ, ಹೊಸ ರೆಪೊದ ಹಳೆಯ ಕಮಿಟ್‌ಗಳು ಬಿಲ್ಡ್ ಆಗುವುದಿಲ್ಲ, ಅವುಗಳ ಜೊತೆ ಬಿಲ್ಡ್ ಫೈಲೇ ಇಲ್ಲ. ಹಳೆಯ ದೋಷವೊಂದನ್ನು ಬೈಸೆಕ್ಟ್ ಮಾಡಬೇಕಾದರೆ (ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ದೋಷ ತಂದ ಕಮಿಟ್ ಹುಡುಕುವುದು) ಮುಖ್ಯ ರೆಪೊದ ಇತಿಹಾಸವೇ ಗತಿ.

ಬಾಕಿ ಉಳಿದ ಪುಲ್ ರಿಕ್ವೆಸ್ಟ್‌ಗಳನ್ನು ಸಾಗಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಗಿಟ್ ಫಾರ್ಮ್ಯಾಟ್-ಪ್ಯಾಚ್‌ಗೆ "--ರಿಲೇಟಿವ್" ಜೊತೆ ಹಳೆಯ ಡೈರೆಕ್ಟರಿ ಕೊಟ್ಟು ಪ್ಯಾಚ್ ತೆಗೆಯಿರಿ. ಹೊಸ ರೆಪೊದಲ್ಲಿ ಗಿಟ್ ಎಎಂಗೆ "--ಡೈರೆಕ್ಟರಿ" ಮತ್ತು "-3" ಕೊಟ್ಟು ಹಚ್ಚಿ. ಫೈಲುಗಳ ಒಳಗೆ ಏನೂ ಬದಲಾಗದೆ ಇರುವುದರಿಂದ ಬ್ಲಾಬ್ ಹ್ಯಾಶ್‌ಗಳು ಎರಡೂ ಕಡೆ ಒಂದೇ, ಹಾಗಾಗಿ ಮೂರು-ದಾರಿ ಮರ್ಜ್ ಕೂಡ ಕೆಲಸ ಮಾಡುತ್ತದೆ. ಇದನ್ನು ನಿರ್ವಾಹಕರೇ ಮಾಡಿಕೊಡಿ. ಹೊಸಬರಿಗೆ "ನೀವೇ ಸಾಗಿಸಿಕೊಳ್ಳಿ" ಅಂದರೆ ಅವರು ಮತ್ತೆ ಬರುವುದಿಲ್ಲ.

ಹೆಜ್ಜೆ 9: ಮತ್ತೆ ಜೋಡಿಸುವುದು

ದಾರಿಗಳು ಇವು: ಸಬ್‌ಮಾಡ್ಯೂಲ್ (ಇನ್ನೊಂದು ರೆಪೊದ ಒಂದು ಕಮಿಟ್ ಕಡೆ ಬೆರಳು ತೋರಿಸುವುದು), ಸಬ್‌ಟ್ರೀ (ಆ ರೆಪೊದ ಫೈಲುಗಳನ್ನೇ ಒಂದು ಡೈರೆಕ್ಟರಿಯಾಗಿ ತರುವುದು) ಅಥವಾ ಸುಮ್ನೆ ಕಾಪಿ, ಇಲ್ಲವೇ ಬಿಲ್ಡ್ ಸಿಸ್ಟಮ್ಮೇ ತಂದುಕೊಳ್ಳುವುದು: ಮೆಸಾನ್‌ನಲ್ಲಿ ರ‍್ಯಾಪ್, ಸಿಮೇಕ್‌ನಲ್ಲಿ 3.11ರಿಂದ ಫೆಚ್‌ಕಂಟೆಂಟ್. ಅಪರೂಪಕ್ಕೆ ಬದಲಾಗುವ ಚಿಪ್ ಲೈಬ್ರರಿಗೆ ನನ್ನ ಆಯ್ಕೆ ಸಬ್‌ಟ್ರೀ ಅಥವಾ ಕಾಪಿ. ಕ್ಲೋನ್ ಮಾಡಿದವರಿಗೆ ಎಲ್ಲ ಒಂದೇ ಸಲ ಸಿಗುತ್ತದೆ, ಇಂಟರ್ನೆಟ್ ಇಲ್ಲದ ಕಡೆಯೂ ಬಿಲ್ಡ್ ಆಗುತ್ತದೆ. ಅಪಾಯ ಒಂದೇ, ಯಾರಾದರೂ ಪ್ರತಿಯಲ್ಲೇ ತಿದ್ದಿಬಿಡುತ್ತಾರೆ. ಆ ಡೈರೆಕ್ಟರಿ ಮೂಲದ ಜೊತೆ ಹೊಂದುತ್ತದಾ ಅಂತ ನೋಡುವ ಸಿಐ ಜಾಬ್ ಇಟ್ಟರೆ ಅದೂ ಮುಗಿಯಿತು. ಸಬ್‌ಮಾಡ್ಯೂಲ್ ಯಾವ ಕಮಿಟ್ ಅಂತ ಖಚಿತವಾಗಿ ಕಟ್ಟಿಹಾಕುತ್ತದೆ. ಆದರೆ "--ರಿಕರ್ಸ್-ಸಬ್‌ಮಾಡ್ಯೂಲ್ಸ್" ಮರೆತು ಬಿಲ್ಡ್ ಕೆಡಿಸಿಕೊಂಡವರಿಗೆ ಉತ್ತರ ಕೊಡುವುದೇ ಒಂದು ಕೆಲಸ. ಗಿಟ್‌ಹಬ್ ತಾನಾಗಿ ಮಾಡುವ ಸೋರ್ಸ್ ಟಾರ್‌ಬಾಲ್‌ನಲ್ಲಿ (ಕೋಡನ್ನೆಲ್ಲ ಒಂದೇ ಫೈಲಾಗಿ ಕಟ್ಟಿದ್ದು) ಸಬ್‌ಮಾಡ್ಯೂಲ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಸಬ್‌ಮಾಡ್ಯೂಲ್ ಬಳಸಿದರೆ ಪ್ರತಿ ಬಿಡುಗಡೆಗೂ ಎಲ್ಲ ಸೇರಿಸಿದ ಟಾರ್‌ಬಾಲನ್ನು ನೀವೇ ಮಾಡಿ ಹಾಕಬೇಕು, ಇಲ್ಲದಿದ್ದರೆ ಲಿನಕ್ಸ್ ವಿತರಣೆಗಳಿಗೆ ಪ್ಯಾಕೇಜ್ ಮಾಡುವವರು ಮೊದಲ ವಾರದಲ್ಲೇ ಬಾಗಿಲು ತಟ್ಟುತ್ತಾರೆ.

ಸಿಐ ಎರಡೂ ದಿಕ್ಕಿಗೆ ಇರಲಿ. ಲೈಬ್ರರಿಗೆ ಬರುವ ಪ್ರತಿ ಪುಲ್ ರಿಕ್ವೆಸ್ಟ್ ಮುಖ್ಯ ಎಮ್ಯುಲೇಟರನ್ನು ಕ್ಲೋನ್ ಮಾಡಿ, ತನ್ನನ್ನು ಅದರೊಳಗೆ ಇಟ್ಟು ಕಟ್ಟಿ ನೋಡಲಿ. ಮುಖ್ಯ ರೆಪೊ ದಿನದಲ್ಲಿ ಕಟ್ಟಿಹಾಕಿದ ಆವೃತ್ತಿಯಲ್ಲಿ ಓಡಲಿ, ರಾತ್ರಿ ಒಂದು ಸಲ ಲೈಬ್ರರಿಯ ತುದಿಯ ಜೊತೆ ಓಡಲಿ. ಇಂಟರ್‌ಫೇಸ್ ಬದಲಿಸುವಾಗ ಹೊಸ ಫಂಕ್ಷನ್ ಮೊದಲು ಸೇರಿಸಿ ಬಿಡುಗಡೆ ಮಾಡಿ, ಎಮ್ಯುಲೇಟರ್ ಅದಕ್ಕೆ ಬಂದ ಮೇಲೆ ಹಳೆಯದನ್ನು ತೆಗೆಯಿರಿ. ಲೈಬ್ರರಿಯ ಆವೃತ್ತಿ ಏರಿಸುವ ಕಮಿಟ್‌ಗಳು ಚಿಕ್ಕದಿರಲಿ, ಪದೇ ಪದೇ ಬರಲಿ. ಮೂರು ತಿಂಗಳ ಬದಲಾವಣೆಯನ್ನು ಒಂದೇ ಸಲ ತಂದರೆ ಬೈಸೆಕ್ಟ್ ಆ ಒಂದು ಕಮಿಟ್ ತೋರಿಸಿ ಕೈ ಚೆಲ್ಲುತ್ತದೆ. ಆಮೇಲೆ ಲೈಬ್ರರಿಯೊಳಗೆ ಇನ್ನೊಂದು ಬೈಸೆಕ್ಟ್ ಮಾಡಬೇಕು.

ಇಶ್ಯೂಗಳಲ್ಲಿ ತೆರೆದಿರುವುದನ್ನು ಮಾತ್ರ ಸಾಗಿಸಿ. ಗಿಟ್‌ಹಬ್‌ನಲ್ಲಿ ಟ್ರಾನ್ಸ್‌ಫರ್ ಸೌಲಭ್ಯ ಬಳಸಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ದಾರಿ ಸಿಗುತ್ತದೆ. ಮುಚ್ಚಿದವು ಇದ್ದಲ್ಲೇ ಇರಲಿ.

ಒಂದು ವರ್ಷ ಕಳೆದ ಮೇಲೆ ಎರಡನೇ ಹೆಜ್ಜೆಯ ಎಣಿಕೆಯನ್ನು ಮತ್ತೆ ಮಾಡಿ, ಈ ಸಲ ಎರಡು ರೆಪೊಗಳ ನಡುವೆ. ಲೈಬ್ರರಿಯ ಅರ್ಧಕ್ಕರ್ಧ ಕಮಿಟ್‌ಗಳಿಗೆ ಮುಖ್ಯ ರೆಪೊದಲ್ಲಿ ಜೋಡಿ ಕಮಿಟ್ ಇದ್ದರೆ, ಹೊರಗಿನ ಗಿರಾಕಿಗಳೂ ಬರದೇ ಇದ್ದರೆ, ಗಿಟ್ ಸಬ್‌ಟ್ರೀ ಆಡ್ ಕೊಟ್ಟು ಇತಿಹಾಸದ ಸಮೇತ ವಾಪಸ್ ಕರೆತಂದು, ಹೊಸ ರೆಪೊವನ್ನು ಆರ್ಕೈವ್ ಮಾಡಿ. ಒಳಗಿನ ಗಡಿ, ಬೇರೆ ಬಿಲ್ಡ್ ಫೈಲ್, ಸಿಐ ಜಾಬ್ ಮಾತ್ರ ಹಾಗೇ ಇರಲಿ, ಅವನ್ನು ಕೀಳಬೇಡಿ.